ಫೈನಲ್ ಯಾರ ಅಂಗಳದಲ್ಲಿ?

2014ರಿಂದ 2017ರವರೆಗೆ ಆಸ್ಟ್ರೇಲಿಯಾದ್ದೇ ಬಗೆಯ ಫುಟ್‌ಬಾಲ್ ಆದ ಫೂಟಿಯಲ್ಲಿ ಒಂದೇ ಕಥೆ ನಾಲ್ಕು ಸಲ ನಡೆಯಿತು. ಅಂಕಪಟ್ಟಿಯಲ್ಲಿ ಮೇಲಿದ್ದ ತಂಡ ಬೇರೆ ರಾಜ್ಯದಿಂದ ವಿಮಾನ ಹತ್ತಿ ಮೆಲ್ಬರ್ನ್‌ಗೆ ಬಂತು. ಕೆಳಗಿದ್ದ ತಂಡ ಮೆಲ್ಬರ್ನ್‌ನದ್ದೇ. ಗ್ರ್ಯಾಂಡ್ ಫೈನಲ್ ಗೆದ್ದಿದ್ದು ಪ್ರತಿ ಸಲವೂ ಕೆಳಗಿದ್ದ ತಂಡ. 2014ರಲ್ಲಿ ಮೊದಲ ಸ್ಥಾನದ ಸಿಡ್ನಿಯನ್ನು ಎರಡನೇ ಸ್ಥಾನದ ಹಾಥಾರ್ನ್ 63 ಅಂಕಗಳಿಂದ ಸೋಲಿಸಿತು. ಮರುವರ್ಷ ಎರಡನೇ ಸ್ಥಾನದ ವೆಸ್ಟ್ ಕೋಸ್ಟ್, ಮೂರನೇ ಸ್ಥಾನದ ಹಾಥಾರ್ನ್ ಎದುರು 46 ಅಂಕಗಳಿಂದ ಸೋತಿತು. 2016ರಲ್ಲಿ ಮತ್ತೆ ಮೊದಲ ಸ್ಥಾನದ ಸಿಡ್ನಿ, ಏಳನೇ ಸ್ಥಾನದ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ 22 ಅಂಕಗಳಿಂದ ಶರಣಾಯಿತು. 2017ರಲ್ಲಿ ಮೊದಲ ಸ್ಥಾನದ ಅಡಿಲೇಡ್‌ಗೆ ಮೂರನೇ ಸ್ಥಾನದ ರಿಚ್ಮಂಡ್ 48 ಅಂಕಗಳ ಸೋಲು ಕೊಟ್ಟಿತು.

ನಾಲ್ಕೂ ಪಂದ್ಯ ನಡೆದದ್ದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಅಂದರೆ ಎಂಸಿಜಿಯಲ್ಲಿ. ಯಾವ ಊರಿನ ತಂಡ ಬಂದರೂ ಫೈನಲ್ ಅಲ್ಲೇ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸರ್ಕಾರದ ಜೊತೆ ಲೀಗ್ ಮಾಡಿಕೊಂಡಿರುವ ಒಪ್ಪಂದದ ಪ್ರಕಾರ 2059ರವರೆಗೂ ಅಲ್ಲೇ. ಇದು ನ್ಯಾಯವೇ ಎಂದು ಪರ್ತ್, ಅಡಿಲೇಡ್, ಬ್ರಿಸ್ಬೇನ್‌ನ ಅಭಿಮಾನಿಗಳು ವರ್ಷ ವರ್ಷ ಕೇಳುತ್ತಾರೆ. ಈ ಪ್ರಶ್ನೆಗೆ ಲೆಕ್ಕದಿಂದ ಉತ್ತರ ಸಿಗುತ್ತದಾ? ನನಗೆ ಈ ವಿಷಯ ಹಿಡಿಸಿದ್ದೇ ಆ ಕಾರಣಕ್ಕೆ.

ಎಂಸಿಜಿ ನಮಗೂ ಹೊಸದಲ್ಲ. 1977ರ ಡಿಸೆಂಬರ್ 30ರಂದು ಶುರುವಾದ ಟೆಸ್ಟ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ ಕೊಟ್ಟು ಆರಾರು ವಿಕೆಟ್ ಕಿತ್ತಿದ್ದು ಇಲ್ಲೇ. ಆಸ್ಟ್ರೇಲಿಯಾದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುವ ಆ ಹುಲ್ಲಿನ ಮೇಲೆ ಚಳಿಗಾಲದಲ್ಲಿ ಫೂಟಿ ನಡೆಯುತ್ತದೆ. ಒಂದೊಂದು ತಂಡದಿಂದ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ 1 ಅಂಕ.

ಈ ಆಟದ ದೊಡ್ಡ ಲೀಗ್ 1897ರಲ್ಲಿ ಮೊದಲ ಪಂದ್ಯಗಳನ್ನು ಆಡಿದಾಗ ಅದು ವಿಕ್ಟೋರಿಯಾದ ಲೀಗ್ ಮಾತ್ರ. 1982ರಲ್ಲಿ ಸೌತ್ ಮೆಲ್ಬರ್ನ್ ತಂಡ ಸಿಡ್ನಿಗೆ ಹೋಯಿತು. 1987ರಲ್ಲಿ ಪರ್ತ್ ಮತ್ತು ಬ್ರಿಸ್ಬೇನ್ ಕಡೆಯ ತಂಡಗಳು ಸೇರಿದವು. 1990ರಲ್ಲಿ ಹೆಸರೇ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದಾಯಿತು. ಈಗ 18 ತಂಡಗಳಿವೆ. ಅದರಲ್ಲಿ 10 ವಿಕ್ಟೋರಿಯಾದವು. ಲೀಗ್ ಇಡೀ ದೇಶಕ್ಕೆ ಹರಡಿತು, ಆದರೆ ಫೈನಲ್ ಮಾತ್ರ ಹಳೇ ಮನೆಯಲ್ಲೇ ಉಳಿಯಿತು.

ತವರಿನ ಲಾಭ ಎನ್ನುವುದು ಸುಮ್ನೆ ಅಭಿಮಾನಿಗಳ ಭಾವನೆಯಲ್ಲ. ಹೆಚ್ಚು ಕಡಿಮೆ ಎಲ್ಲ ತಂಡದ ಆಟಗಳಲ್ಲೂ ತವರಿನವರು ಅರ್ಧಕ್ಕಿಂತ ಜಾಸ್ತಿ ಪಂದ್ಯ ಗೆಲ್ಲುತ್ತಾರೆ. ಯಾಕೆ ಎಂಬುದೇ ಸ್ವಾರಸ್ಯದ ಪ್ರಶ್ನೆ. ಜನರ ಕೂಗು ಆಟಗಾರರಿಗೆ ಹುರುಪು ಕೊಡುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಸ್ವಲ್ಪ ನಿಜ ಇರಬಹುದು. ಆದರೆ ಕೂಗು ಇನ್ನೊಬ್ಬರ ಕಿವಿಗೂ ಬೀಳುತ್ತದೆ, ಅಂಪೈರ್ ಕಿವಿಗೆ.

ಅಲನ್ ನೆವಿಲ್, ನೈಜೆಲ್ ಬಾಮರ್ ಮತ್ತು ಮಾರ್ಕ್ ವಿಲಿಯಮ್ಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ನಲವತ್ತು ಮಂದಿ ಫುಟ್‌ಬಾಲ್ ರೆಫ್ರಿಗಳನ್ನು ಕೂರಿಸಿದರು. ಲಿವರ್‌ಪೂಲ್ ತನ್ನ ಮೈದಾನದಲ್ಲಿ ಲೆಸ್ಟರ್ ಜೊತೆ ಆಡಿದ ಪಂದ್ಯದ ವಿಡಿಯೊ ತೋರಿಸಿದರು. ಒಂದೊಂದು ಟ್ಯಾಕಲ್ ಬಂದಾಗಲೂ ಫೌಲ್ ಹೌದೋ ಅಲ್ಲವೋ ಎಂದು ಹೇಳಬೇಕು. ಕೆಲವರಿಗೆ ಜನರ ಗದ್ದಲ ಕೇಳಿಸಿದರು, ಉಳಿದವರಿಗೆ ವಿಡಿಯೊ ಮಾತ್ರ, ಸದ್ದಿಲ್ಲ. ಗದ್ದಲ ಕೇಳಿದವರು ಲಿವರ್‌ಪೂಲ್ ವಿರುದ್ಧ ಕೊಟ್ಟ ಫೌಲ್‌ಗಳು ಸುಮಾರು 15 ಶೇಕಡ ಕಡಿಮೆಯಾದವು. ಅವರು ಬೇಕಂತಲೇ ಪಕ್ಷಪಾತ ಮಾಡಲಿಲ್ಲ. ಕಣ್ಣಿಗೆ ಸ್ಪಷ್ಟವಾಗಿ ಕಾಣದ ಕಡೆ ಮನಸ್ಸು ಕಿವಿಯ ಸಹಾಯ ಪಡೆಯಿತು, ಅಷ್ಟೇ. ಕೋವಿಡ್ ಕಾಲದಲ್ಲಿ ಯುರೋಪಿನ ಫುಟ್‌ಬಾಲ್ ಖಾಲಿ ಮೈದಾನದಲ್ಲಿ ನಡೆದಾಗ ತವರಿನ ಲಾಭ ಕುಗ್ಗಿತು. ಹೊರಗಿನಿಂದ ಬಂದ ತಂಡಕ್ಕೆ ಜಾಸ್ತಿ ಹಳದಿ ಕಾರ್ಡ್ ಸಿಗುವ ಚಾಳಿಯೂ ತಗ್ಗಿತು. ಫೂಟಿಯಲ್ಲಂತೂ ಫ್ರೀ ಕಿಕ್ ಕೊಡಬೇಕೋ ಬೇಡವೋ ಎನ್ನುವ ಗೊಂದಲದ ಗಳಿಗೆಗಳು ಒಂದು ಪಂದ್ಯದಲ್ಲಿ ಹತ್ತಾರು ಬರುತ್ತವೆ.

ಎರಡನೇ ಕಾರಣ ಪ್ರಯಾಣ. ಪರ್ತ್‌ನಿಂದ ಮೆಲ್ಬರ್ನ್‌ಗೆ ಸುಮಾರು 2,700 ಕಿ.ಮೀ. ಸೆಪ್ಟೆಂಬರ್‌ನಲ್ಲಿ ಗಡಿಯಾರ ಎರಡು ಗಂಟೆ ಮುಂದೆ. ನಮ್ಮ ದೇಹದೊಳಗಿನ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಜಾಸ್ತಿ. ಹಾಗಾಗಿ ದಿನವನ್ನು ಹಿಗ್ಗಿಸುವುದು ಅದಕ್ಕೆ ಸುಲಭ, ಕುಗ್ಗಿಸುವುದು ಕಷ್ಟ. ಪೂರ್ವಕ್ಕೆ ಹಾರುವವರು ದಿನವನ್ನು ಕುಗ್ಗಿಸಬೇಕು. ಒಂದು ಪ್ರಯಾಣದಿಂದ ದೊಡ್ಡ ಹಾನಿ ಏನೂ ಆಗಲಿಕ್ಕಿಲ್ಲ. ಆದರೆ ಪರ್ತ್‌ನ ತಂಡಗಳು ವರ್ಷವಿಡೀ ಹೀಗೆ ಓಡಾಡಿ ಸೆಪ್ಟೆಂಬರ್ ತಲುಪಿರುತ್ತವೆ.

ಮೂರನೆಯದು ಫೂಟಿಗೇ ವಿಶೇಷವಾದದ್ದು, ಮೈದಾನದ ಆಕಾರ. ಹಾಕಿ ಮೈದಾನಕ್ಕೆ ಎಲ್ಲ ಕಡೆ ಒಂದೇ ಅಳತೆ. ಫೂಟಿಯಲ್ಲಿ ಹಾಗಿಲ್ಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ನಡುವೆ ಎಷ್ಟಿದ್ದರೂ ನಡೆಯುತ್ತದೆ. ಎಂಸಿಜಿಯಲ್ಲಿ ಆಡುವ ಜಾಗ ಸುಮಾರು 160 ಮೀಟರ್ ಉದ್ದ, 141 ಮೀಟರ್ ಅಗಲ. ಜಿಲಾಂಗ್ ಊರಿನ ಮೈದಾನ ಸುಮಾರು 170 ಮೀಟರ್ ಉದ್ದ, ಅಗಲ ಬರೀ 115. ಈ 26 ಮೀಟರ್ ಅಗಲದ ವ್ಯತ್ಯಾಸ ಆಟವನ್ನೇ ಬದಲಿಸುತ್ತದೆ. ಅಗಲ ಮೈದಾನದಲ್ಲಿ ಚೆಂಡನ್ನು ಅಂಚಿಗೆ ತಳ್ಳಿ ಓಡಬಹುದು. ಕಿರಿದಾದ ಕಡೆ ಎಲ್ಲರೂ ನಡುವೆ ಗುಂಪುಗೂಡುತ್ತಾರೆ. ಅಂಚಿನಿಂದ ಗೋಲಿಗೆ ಒದೆಯುವ ಕೋನವೂ ಬೇರೆ. ಕಾಲಿಂಗ್‌ವುಡ್, ರಿಚ್ಮಂಡ್‌ನಂಥ ತಂಡಗಳು ವರ್ಷದ ಅರ್ಧಕ್ಕೂ ಹೆಚ್ಚು ಪಂದ್ಯಗಳನ್ನು ಎಂಸಿಜಿಯಲ್ಲೇ ಆಡುತ್ತವೆ. ಬೇರೆ ರಾಜ್ಯದ ತಂಡಕ್ಕೆ ಅಲ್ಲಿ ಸಿಗುವುದು ಕೆಲವೇ ಪಂದ್ಯ.

ಇಷ್ಟು ಓದಿದ ಮೇಲೆ ಹೊರಗಿನ ತಂಡಗಳು ಎಂಸಿಜಿ ಫೈನಲ್‌ಗಳಲ್ಲಿ ಹೀನಾಯವಾಗಿ ಸೋತಿರಬೇಕು ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಕೂತು ಒಂದೊಂದಾಗಿ ಎಣಿಸಿದೆ.

ವಿಕ್ಟೋರಿಯಾದ ಒಂದು ತಂಡ ಮತ್ತು ಹೊರಗಿನ ಒಂದು ತಂಡ ಎದುರಾದ ಮೊದಲ ಗ್ರ್ಯಾಂಡ್ ಫೈನಲ್ 1991ರದ್ದು. ಆ ವರ್ಷ ಎಂಸಿಜಿಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರಿಂದ ಪಂದ್ಯ ಮೆಲ್ಬರ್ನ್‌ನದ್ದೇ ಆದ ವೇವರ್ಲಿ ಪಾರ್ಕ್‌ಗೆ ಹೋಗಿತ್ತು. ಅದನ್ನು ಬಿಡೋಣ. 1992ರಿಂದ 2025ರವರೆಗೆ ಎಂಸಿಜಿಯಲ್ಲಿ ಇಂಥ 20 ಫೈನಲ್‌ಗಳು ನಡೆದಿವೆ. ಹೊರಗಿನವರು ಗೆದ್ದಿದ್ದು 10. ವಿಕ್ಟೋರಿಯಾದವರು ಗೆದ್ದಿದ್ದು 10.

ಸಮ ಸಮ. ಹಾಗಾದರೆ ದೂರೆಲ್ಲ ಸುಳ್ಳಾ? ಅವಸರ ಬೇಡ. ಇದೇ ಲೆಕ್ಕವನ್ನು ಎರಡು ತುಂಡು ಮಾಡಿ ನೋಡಿ. 1992ರಿಂದ 2003ರವರೆಗಿನ 8 ಫೈನಲ್‌ಗಳಲ್ಲಿ ಹೊರಗಿನವರು 7 ಗೆದ್ದಿದ್ದಾರೆ. ವೆಸ್ಟ್ ಕೋಸ್ಟ್ ಎರಡು, ಅಡಿಲೇಡ್ ಎರಡು, ಬ್ರಿಸ್ಬೇನ್ ಸತತ ಮೂರು. 2007ರಿಂದ 2025ರವರೆಗಿನ 12ರಲ್ಲಿ ಬರೀ 3. ಮೊದಲ ತುಂಡು ನೋಡಿದವರು ಎಂಸಿಜಿ ಹೊರಗಿನವರಿಗೇ ಒಗ್ಗುತ್ತದೆ ಅನ್ನಬಹುದು. ಎರಡನೆಯದನ್ನು ನೋಡಿದವರು ಘೋರ ಅನ್ಯಾಯ ಅನ್ನಬಹುದು. ಎರಡೂ ಒಂದೇ ಮೈದಾನ. ನಾನು ಲೇಖನದ ಮೊದಲಿಗೆ ಇಟ್ಟ ಆ ನಾಲ್ಕು ವರ್ಷಗಳೂ ಹೀಗೆ ಆರಿಸಿ ತೆಗೆದ ತುಂಡೇ, ಅಲ್ವಾ?

ಇನ್ನೊಂದು ರೀತಿ ಯೋಚಿಸೋಣ. ಎಂಸಿಜಿಯಲ್ಲಿ ಆಡುವುದರಿಂದ ಹೊರಗಿನ ತಂಡದ ಗೆಲುವಿನ ಸಾಧ್ಯತೆ ನಿಜಕ್ಕೂ ನೂರಕ್ಕೆ 40 ಮಾತ್ರ ಎಂದಿಟ್ಟುಕೊಳ್ಳಿ. ಅದು ಕಡಿಮೆ ಅನ್ಯಾಯವೇನಲ್ಲ. 20 ಪಂದ್ಯದಲ್ಲಿ ಅವರು ಸರಾಸರಿ 8 ಗೆಲ್ಲಬೇಕು. ಆದರೂ ಬರೀ ಅದೃಷ್ಟದಿಂದ 10 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಅಂದರೆ 10-10 ಎನ್ನುವ ಫಲಿತಾಂಶ ಅನ್ಯಾಯ ಇಲ್ಲ ಎಂದು ಸಾಬೀತು ಮಾಡುವುದಿಲ್ಲ. ನೂರಕ್ಕೆ 40ಕ್ಕೂ 50ಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಂಬಿಕೆಯಿಂದ ಹಿಡಿಯಬೇಕಾದರೆ ಸುಮಾರು 200 ಇಂಥ ಫೈನಲ್ ಬೇಕು. 34 ವರ್ಷಕ್ಕೆ 20 ಸಿಕ್ಕಿವೆ. ಉಳಿದದ್ದಕ್ಕೆ ಇನ್ನೂ 300 ವರ್ಷ ಕಾಯಬೇಕಾಗುತ್ತದೆ.

ಅಂತರವನ್ನೂ ನೋಡಬೇಕು. 2014ರ 63 ಅಂಕ ಅಂದರೆ ಹತ್ತು ಗೋಲಿಗಿಂತ ಜಾಸ್ತಿ. ಅಷ್ಟು ದೊಡ್ಡ ಸೋಲನ್ನು ಮೈದಾನದ ತಲೆಗೆ ಕಟ್ಟುವುದು ಸರಿಯಲ್ಲ. 2016ರಲ್ಲಿ ಗೆದ್ದ ಬುಲ್‌ಡಾಗ್ಸ್‌ನ ತವರು ಮೈದಾನ ಎಂಸಿಜಿಯೇ ಅಲ್ಲ, ನಗರದ ಇನ್ನೊಂದು ಕಡೆಯ ಡಾಕ್‌ಲ್ಯಾಂಡ್ಸ್‌ನದು. ಅನುಮಾನ ಮೂಡಬೇಕಾದ್ದು 2023ರಂಥ ಫೈನಲ್‌ನಲ್ಲಿ. ಎಂಸಿಜಿಯನ್ನೇ ಮನೆ ಮಾಡಿಕೊಂಡ ಕಾಲಿಂಗ್‌ವುಡ್ ಅಂದು ಬ್ರಿಸ್ಬೇನನ್ನು ಸೋಲಿಸಿದ್ದು 90-86ರಿಂದ. ನಾಲ್ಕು ಅಂಕ, ಒಂದು ಗೋಲಿಗೂ ಕಡಿಮೆ. ಆದರೆ 2018ರಲ್ಲಿ ಅದೇ ಕಾಲಿಂಗ್‌ವುಡ್ ಅದೇ ಮೈದಾನದಲ್ಲಿ 1,00,022 ಜನರ ಮುಂದೆ ವೆಸ್ಟ್ ಕೋಸ್ಟ್‌ಗೆ 5 ಅಂಕದಿಂದ ಸೋತಿತ್ತು.

ಫೈನಲ್ ದಿನದ ಜನಸಂದಣಿಯೂ ಮಾಮೂಲಿ ಪಂದ್ಯದಂಥದ್ದಲ್ಲ. ಆಡುವ ಎರಡು ಕ್ಲಬ್‌ಗಳ ಸದಸ್ಯರಿಗೆ ಸಿಗುವ ಟಿಕೆಟ್ ಒಟ್ಟು ಆಸನಗಳ ಅರ್ಧಕ್ಕಿಂತ ಕಡಿಮೆ. ಉಳಿದವು ಮೈದಾನ ನಡೆಸುವ ಕ್ರಿಕೆಟ್ ಕ್ಲಬ್‌ನ ಸದಸ್ಯರಿಗೆ, ಲೀಗ್‌ನ ಸದಸ್ಯರಿಗೆ, ಪ್ರಾಯೋಜಕರಿಗೆ ಹೋಗುತ್ತವೆ. ಹಾಗಾಗಿ ಅಂಪೈರ್ ಕಿವಿಗೆ ಬೀಳುವ ಗದ್ದಲ ಅಷ್ಟು ಏಕಪಕ್ಷೀಯವಾಗಿರುವುದಿಲ್ಲ. ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ಆಡುವಾಗಿನ ಕೂಗೇ ಬೇರೆ.

ಒಮ್ಮೆ ಪ್ರಯೋಗ ಮಾಡುವ ಅವಕಾಶ ತಾನಾಗಿಯೇ ಬಂದಿತ್ತು. ಕೋವಿಡ್‌ನಿಂದಾಗಿ 2020ರ ಫೈನಲ್ ಬ್ರಿಸ್ಬೇನ್‌ನ ಗ್ಯಾಬಾಗೆ, 2021ರದ್ದು ಪರ್ತ್‌ಗೆ ಹೋಯಿತು. 2020ರಲ್ಲಿ ಎರಡನೇ ಸ್ಥಾನದಲ್ಲಿದ್ದ ಬ್ರಿಸ್ಬೇನ್ ತಂಡಕ್ಕೆ ತನ್ನ ಮೈದಾನದಲ್ಲೇ ಫೈನಲ್ ಆಡುವ ಭಾಗ್ಯ ಒಂದು ಗೆಲುವಿನ ದೂರದಲ್ಲಿತ್ತು. ಸೆಮಿಫೈನಲ್ ಹಂತದ ಆ ಪಂದ್ಯದಲ್ಲಿ, ಅದೇ ಗ್ಯಾಬಾದಲ್ಲಿ, ಜಿಲಾಂಗ್ ಅದನ್ನು 40 ಅಂಕದಿಂದ ಸೋಲಿಸಿತು. ಎರಡೂ ವರ್ಷ ಫೈನಲ್ ಆಡಿದ್ದು ವಿಕ್ಟೋರಿಯಾದ ತಂಡಗಳೇ. 2021ರಲ್ಲಿ ಮೆಲ್ಬರ್ನ್ ತಂಡ 1964ರ ನಂತರದ ಮೊದಲ ಕಪ್ ಗೆದ್ದಾಗ ಅದರ ಊರಿನ ಜನ ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಇದ್ದರು. ಆ ಅಭಿಮಾನಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ನ್ಯಾಯದ ಪ್ರಶ್ನೆ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಾಣ್ಯ ಚಿಮ್ಮುವ ಮೊದಲೇ ನಿಯಮ ಸರಿಯಿತ್ತೇ ಎಂದು ಕೇಳಬೇಕು. ಕೊನೆಗೆ ಯಾರು ಗೆದ್ದರು ಎಂಬುದರಿಂದ ಅದನ್ನು ಅಳೆಯಲಾಗದು. ಫೂಟಿಯ ನಿಯಮದಲ್ಲಿ ಒಂದು ಒಳವಿರೋಧ ಇದೆ. ಫೈನಲ್‌ಗೆ ಮುಂಚಿನ ವಾರಗಳಲ್ಲಿ ಮೇಲಿನ ಸ್ಥಾನ ಗಳಿಸಿದವರಿಗೆ ತವರಿನಲ್ಲಿ ಆಡುವ ಹಕ್ಕು ಬಹುಮಾನವಾಗಿ ಸಿಗುತ್ತದೆ. ತವರು ಲಾಭದಾಯಕ ಎಂದು ಲೀಗ್ ತಾನೇ ಒಪ್ಪಿಕೊಂಡ ಹಾಗಾಯಿತು. ಕೊನೆಯ ಶನಿವಾರ ಮಾತ್ರ ಆ ಬಹುಮಾನ ಮಾಯವಾಗುತ್ತದೆ. ಹಿಂದೆ ಇದು ಇನ್ನೂ ಕೆಟ್ಟದಾಗಿತ್ತು. ಫೈನಲ್ ಹಿಂದಿನ ವಾರದ ಎರಡು ಪಂದ್ಯಗಳಲ್ಲಿ ಒಂದಾದರೂ ಎಂಸಿಜಿಯಲ್ಲಿ ನಡೆಯಲೇಬೇಕು ಎಂಬ ಒಪ್ಪಂದವಿತ್ತು. 2004ರಲ್ಲಿ ಎರಡನೇ ಸ್ಥಾನ ಗಳಿಸಿದ್ದ ಬ್ರಿಸ್ಬೇನ್, ತನ್ನ ಹಕ್ಕಿನ ತವರು ಪಂದ್ಯವನ್ನು ಮೆಲ್ಬರ್ನ್‌ಗೆ ಹೋಗಿ ಜಿಲಾಂಗ್ ಜೊತೆ ಆಡಬೇಕಾಯಿತು. 9 ಅಂಕದಿಂದ ಹೇಗೋ ಗೆದ್ದಿತು. ಅಡಿಲೇಡ್‌ನಲ್ಲೇ ಆಡಿ ಬಂದಿದ್ದ ಪೋರ್ಟ್ ಅಡಿಲೇಡ್ ಮುಂದಿನ ವಾರ ಅದನ್ನು 40 ಅಂಕದಿಂದ ಮಣಿಸಿತು. ಆ ಒಪ್ಪಂದವನ್ನು ಆಮೇಲೆ ತಿದ್ದಿದರು. ತಿದ್ದಲು ಬರುತ್ತದೆ ಎಂದಾಯಿತು.

ಮೇಲಿನ ಸ್ಥಾನದವರ ಊರಿನಲ್ಲೇ ಫೈನಲ್ ಇಡಿ ಎನ್ನುವ ಸಲಹೆ ನನಗೆ ಇಷ್ಟ. ಆದರೂ ಅಂಕಪಟ್ಟಿಯೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಒಂದು ತಂಡಕ್ಕೆ 17 ಎದುರಾಳಿಗಳು, 23 ಪಂದ್ಯ. ಹಾಗಾಗಿ ಆರು ತಂಡಗಳನ್ನು ಎರಡು ಸಲ ಎದುರಿಸಬೇಕು. ಆ ಆರು ಬಲಿಷ್ಠವೋ ದುರ್ಬಲವೋ ಎಂಬುದರ ಮೇಲೆ ಸ್ಥಾನ ಏರುಪೇರಾಗುತ್ತದೆ. ಇನ್ನು ಎಂಸಿಜಿಯಲ್ಲಿ ಲಕ್ಷ ಜನ ಕೂರುತ್ತಾರೆ, ಪರ್ತ್‌ನಲ್ಲಿ ಸುಮಾರು 60,000, ಅಡಿಲೇಡ್‌ನಲ್ಲಿ ಅದಕ್ಕೂ ಕಡಿಮೆ. ಅಷ್ಟು ಮಂದಿಯ ಜಾಗ ಕಳೆಯುವುದು ಸಣ್ಣ ಮಾತಲ್ಲ. ಇಂತಿಷ್ಟು ಆಸನ ಇದ್ದರೆ ಮಾತ್ರ ಎಂದು ಒಂದು ಗೆರೆ ಎಳೆಯಬಹುದು. ಅದಾಗದಿದ್ದರೆ ಹೊರಗಿನ ತಂಡಗಳಿಗೆ ಎಂಸಿಜಿಯಲ್ಲಿ ವರ್ಷಕ್ಕೆ ನಾಲ್ಕೈದು ಪಂದ್ಯವನ್ನಾದರೂ ಕಡ್ಡಾಯವಾಗಿ ಕೊಡಬಹುದು. ಆ ಅಗಲ, ಆ ಕೋನ ಅವರ ಕಾಲಿಗೂ ಪಳಗಲಿ.

2028ರಲ್ಲಿ ಟಾಸ್ಮೇನಿಯಾ 19ನೇ ತಂಡವಾಗಿ ಲೀಗ್ ಸೇರಲಿದೆ. ಹೋಬಾರ್ಟ್‌ನಲ್ಲಿ ಅದಕ್ಕಾಗಿ ಕಟ್ಟಲು ಹೊರಟಿರುವ ಮೈದಾನದಲ್ಲಿ 23,000 ಆಸನ. ಅಲ್ಲಿನ ಹುಡುಗರು ಮುಂದೊಂದು ವರ್ಷ ಪಟ್ಟಿಯ ತುದಿಗೆ ಏರಿದರೂ, ಸೆಪ್ಟೆಂಬರ್‌ನ ಆ ಶನಿವಾರಕ್ಕೆ ಸಮುದ್ರ ದಾಟಿ ಮೆಲ್ಬರ್ನ್‌ಗೇ ಹೋಗಬೇಕು.