ಅಮೆರಿಕದಲ್ಲಿ ಹಿರಿಯರ ಫೋನು, ಇಂಟರ್ನೆಟ್ ಬಿಲ್ಲಿಗೆ ಸರ್ಕಾರದ ನೆರವು ಇದೆಯಾ?

ಪ್ರಶ್ನೆ: ಅಪ್ಪ, ಅಮ್ಮ ಇಬ್ಬರಿಗೂ 65 ದಾಟಿದೆ. ಇಲ್ಲೇ ಅಮೆರಿಕದಲ್ಲಿ ಇದ್ದಾರೆ. ಹಿರಿಯರಿಗೆ ಸರ್ಕಾರ ಫ್ರೀ ಫೋನ್ ಕೊಡುತ್ತದೆ ಎಂಬ ಜಾಹೀರಾತು ನೋಡಿದೆವು. ನಿಜಾನಾ?

ಉತ್ತರ: ನೆರವು ಇದೆ. ಆದರೆ ಅದು ವಯಸ್ಸು ನೋಡಿ ಸಿಗುವುದಲ್ಲ, ಆದಾಯ ನೋಡಿ ಸಿಗುವುದು. 30 ವರ್ಷದವರಿಗೂ 80 ವರ್ಷದವರಿಗೂ ಒಂದೇ ನಿಯಮ. ಜಾಹೀರಾತುಗಳು ಇದನ್ನು ಸರಿಯಾಗಿ ಹೇಳುವುದಿಲ್ಲ. ಆಸೆಯಿಂದ ಅರ್ಜಿ ಹಾಕಿದ ಹಿರಿಯರು ಸುಮ್ನೆ ಬೇಜಾರು ಮಾಡಿಕೊಳ್ಳುತ್ತಾರೆ.

ಯೋಜನೆಯ ಹೆಸರು ಲೈಫ್‌ಲೈನ್. ಎಟಿ ಅಂಡ್ ಟಿ ಎಂಬ ದೊಡ್ಡ ಫೋನ್ ಕಂಪನಿ ಒಡೆದು ಹೋದ ಮರುವರ್ಷ, 1985ರಲ್ಲಿ, ಬಡವರ ಮನೆಯ ಫೋನು ನಿಂತುಹೋಗಬಾರದು ಎಂದು ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇದನ್ನು ಶುರು ಮಾಡಿತು. 2016ರಲ್ಲಿ ಇಂಟರ್ನೆಟ್ಟನ್ನೂ ಸೇರಿಸಿದರು. ಇಂಟರ್ನೆಟ್ ಇರುವ ಪ್ಲಾನಿಗೆ ತಿಂಗಳಿಗೆ 9.25 ಡಾಲರ್‌ವರೆಗೆ, ಬರೀ ಮಾತನಾಡುವ ಪ್ಲಾನಿಗೆ 5.25 ಡಾಲರ್‌ವರೆಗೆ ಕಡಿತ ಸಿಗುತ್ತದೆ. ಮೂಲನಿವಾಸಿಗಳ ಪ್ರದೇಶದಲ್ಲಿ ಇರುವವರಿಗೆ ಇದು 34.25 ಡಾಲರ್‌ವರೆಗೂ ಹೋಗುತ್ತದೆ. ಹಣ ಕೈಗೆ ಬರುವುದಿಲ್ಲ, ಬಿಲ್ಲಿನಲ್ಲಿ ಕಳೆಯುತ್ತಾರೆ. ಯೋಜನೆ ಇರುವುದು ಸೇವೆಗೆ, ಫೋನಿಗಲ್ಲ. ಕೆಲವು ಮೊಬೈಲ್ ಕಂಪನಿಗಳು ತಾವಾಗಿಯೇ ಒಂದು ಫೋನ್ ಕೊಡುತ್ತವೆ, ಅಷ್ಟೇ.

ಇದು ದೊಡ್ಡ ಮೊತ್ತವೇನಲ್ಲ. ಮನೆಯ ಇಂಟರ್ನೆಟ್ ಬಿಲ್ಲಿಗೆ ಇದು ಸಾಲುವುದಿಲ್ಲ. ಮೊದಲು ತಿಂಗಳಿಗೆ 30 ಡಾಲರ್‌ವರೆಗೆ ಕೊಡುತ್ತಿದ್ದ ಎಸಿಪಿ ಎಂಬ ಇನ್ನೊಂದು ಯೋಜನೆ ಇತ್ತು. ಹಣ ಮುಗಿದು 2024ರ ಜೂನ್ 1ಕ್ಕೆ ಅದು ನಿಂತಿತು. ಈಗಲೂ ಅದಕ್ಕೆ ಹೆಸರು ಬರೆಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ನಂಬಬೇಡಿ.

ಲೈಫ್‌ಲೈನ್ ಸಿಗಲು ಎರಡು ದಾರಿ ಇವೆ. ಒಂದು, ಮನೆಯ ಆದಾಯ ಸರ್ಕಾರ ಹೇಳುವ ಬಡತನದ ಮಿತಿಯ ಶೇ. 135 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲವಾದರೆ ಮೆಡಿಕೈಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ), ಸ್ನ್ಯಾಪ್ (ಆಹಾರ ಕೊಳ್ಳಲು ನೆರವು), ಎಸ್‌ಎಸ್‌ಐ ಎಂಬ ಮಾಸಿಕ ನೆರವು, ಸರ್ಕಾರಿ ವಸತಿ ನೆರವು, ಮಾಜಿ ಸೈನಿಕರ ಪಿಂಚಣಿ, ಇವುಗಳಲ್ಲಿ ಯಾವುದಾದರೂ ಒಂದು ಸಿಗುತ್ತಿರಬೇಕು.

ಹಿರಿಯರು ಜಾಸ್ತಿ ಎಡವುವುದು ಇಲ್ಲೇ. 65 ಆದವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್. ಬೇಕಾದದ್ದು ಮೆಡಿಕೈಡ್. ಬರೀ ಮೆಡಿಕೇರ್ ತೋರಿಸಿದರೆ ಲೈಫ್‌ಲೈನ್ ಸಿಗುವುದಿಲ್ಲ. ಹಾಗೆಯೇ ನಿವೃತ್ತರಿಗೆ ಬರುವ ಸೋಷಿಯಲ್ ಸೆಕ್ಯುರಿಟಿ ಬೇರೆ, ಕಡಿಮೆ ಆದಾಯದ ಹಿರಿಯರಿಗೆ, ಅಂಗವಿಕಲರಿಗೆ ಕೊಡುವ ಎಸ್‌ಎಸ್‌ಐ ಬೇರೆ. ಎಸ್‌ಎಸ್‌ಐ ಇದ್ದರೆ ಅರ್ಹತೆ ಇದೆ. ಬರೀ ನಿವೃತ್ತಿಯ ಹಣ ಬರುತ್ತಿದ್ದರೆ ಅದನ್ನು ಆದಾಯ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮಿತಿಯೊಳಗೆ ಬಂದರೆ ಆದಾಯದ ದಾರಿಯಲ್ಲಿ ಅರ್ಜಿ ಹಾಕಬಹುದು.

ಅಪ್ಪ, ಅಮ್ಮ ನಿಮ್ಮ ಜೊತೆಗೇ ಇದ್ದಾರಾ? ಹಾಗಾದರೆ ಇದನ್ನೂ ನೋಡಿ. ಒಂದು ಮನೆಗೆ ಒಂದೇ ಲೈಫ್‌ಲೈನ್. ಫೋನಿಗೊಂದು, ಇಂಟರ್ನೆಟ್ಟಿಗೊಂದು ಎಂದು ಎರಡು ಕೊಡುವುದಿಲ್ಲ. ಆದಾಯ, ಖರ್ಚು ಹಂಚಿಕೊಂಡು ಒಟ್ಟಿಗೆ ಇರುವವರೆಲ್ಲ ಒಂದೇ ಮನೆ. ಅವರಿಗೆ ಸ್ವಂತ ಆದಾಯ ಇಲ್ಲದೆ ನೀವೇ ನೋಡಿಕೊಳ್ಳುತ್ತಿದ್ದರೆ, ಆದಾಯದ ದಾರಿಯಲ್ಲಿ ನಿಮ್ಮ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಆದರೆ ಅವರಿಗೆ ಮೆಡಿಕೈಡ್ ಇದ್ದರೆ ಅದೇ ಸಾಕು, ಮೊದಲು ಅದನ್ನೇ ವಿಚಾರಿಸಿ. ಹಿರಿಯರ ವಸತಿ ಕಟ್ಟಡದಲ್ಲಿ ಇದ್ದರೆ ಚಿಂತೆ ಬೇಡ. ವಿಳಾಸ ಒಂದೇ ಆದರೂ ಖರ್ಚು ಬೇರೆ ಬೇರೆಯಾದ್ದರಿಂದ ಒಬ್ಬೊಬ್ಬರೂ ಅರ್ಜಿ ಹಾಕಬಹುದು. ಅದಕ್ಕೊಂದು ಪ್ರತ್ಯೇಕ ಫಾರಂ ಇದೆ.

ಅರ್ಜಿಯನ್ನು ನ್ಯಾಷನಲ್ ವೆರಿಫೈಯರ್ ಎಂಬ ಸರ್ಕಾರಿ ವ್ಯವಸ್ಥೆಯ ಮೂಲಕ ಆನ್‌ಲೈನಲ್ಲಿ ಅಥವಾ ಅಂಚೆಯಲ್ಲಿ ಕಳಿಸಬಹುದು. ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಲೈಫ್‌ಲೈನ್ ಯೋಜನೆಯೂ ಇದೆ. ಅರ್ಜಿಗೆ ಶುಲ್ಕ ಇಲ್ಲ.

ಸಿಕ್ಕ ಮೇಲೂ ಸ್ವಲ್ಪ ಗಮನ ಬೇಕು. ಬಿಲ್ಲೇ ಬರದ ಫ್ರೀ ಪ್ಲಾನ್ ಆದರೆ 30 ದಿನಕ್ಕೊಮ್ಮೆಯಾದರೂ ಬಳಸಲೇಬೇಕು. ಒಂದು ಕರೆ, ಒಂದು ಮೆಸೇಜ್ ಸಾಕು. ಬಳಸದಿದ್ದರೆ 15 ದಿನದ ನೋಟಿಸ್ ಕೊಟ್ಟು ನಿಲ್ಲಿಸುತ್ತಾರೆ. ತುರ್ತಿಗೆ ಇರಲಿ ಎಂದು ಅಮ್ಮ ಫೋನನ್ನು ಡ್ರಾಯರಿನಲ್ಲಿ ಇಟ್ಟುಬಿಟ್ಟರೆ, ತುರ್ತು ಬಂದ ದಿನ ಅದು ಕೆಲಸ ಮಾಡದೇ ಇರಬಹುದು. ವರ್ಷಕ್ಕೊಮ್ಮೆ ಅರ್ಹತೆಯನ್ನು ಮತ್ತೆ ಪರಿಶೀಲಿಸುತ್ತಾರೆ. ಕಾಗದ ಬಂದರೆ 60 ದಿನದೊಳಗೆ ಉತ್ತರಿಸಬೇಕು. ಆ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ, ಜಾಹೀರಾತಿನ ಕಾಗದಗಳ ಜೊತೆ ಕಸದ ಬುಟ್ಟಿಗೆ ಹೋಗುವುದು ಸುಲಭ. ಆದ್ದರಿಂದ ಅವರ ಅಂಚೆಯನ್ನು ಆಗಾಗ ನೀವೇ ಕೂತು ನೋಡಿ.