ಡೈನಮಿಕ್ ಫೈಲ್ ಪಾತ್: ಬಿಟ್ಟ ಸ್ಥಳಕ್ಕೆ ಯಾವ ತಾರೀಖು?

ಪಾತ್ ಅಂದರೆ ಫೈಲಿನ ವಿಳಾಸ. ಯಾವ ಫೋಲ್ಡರ್, ಅದರೊಳಗೆ ಇನ್ಯಾವ ಫೋಲ್ಡರ್, ಕೊನೆಗೆ ಫೈಲಿನ ಹೆಸರು. ಒಂದು ಕಡೆಯಿಂದ ಡೇಟಾ ತಂದು ಇನ್ನೊಂದು ಕಡೆ ಸೇರಿಸುವ ಪೈಪ್‌ಲೈನ್‌ಗೆ ಈ ವಿಳಾಸ ಗೊತ್ತಿರಲೇಬೇಕು.

ಆದರೆ ಫೈಲು ದಿನಾ ಹೊಸದು ಬರುತ್ತದೆ ಅಲ್ವಾ? ಇವತ್ತು 'ಮಾರಾಟ/2024/03/05/ಆರ್ಡರ್.ಸಿಎಸ್‌ವಿ', ನಾಳೆ 05 ಇದ್ದಲ್ಲಿ 06. ವಿಳಾಸವನ್ನು ಹಾರ್ಡ್‌ಕೋಡ್ ಮಾಡಿಬಿಟ್ಟರೆ, ಅಂದರೆ ತಾರೀಖು ಸಮೇತ ಕೋಡಿನಲ್ಲೇ ಬರೆದುಬಿಟ್ಟರೆ, ದಿನಾ ಬೆಳಗ್ಗೆ ಯಾರಾದರೂ ಕೂತು ತಿದ್ದಬೇಕು. ಅದಕ್ಕೇ ಬದಲಾಗುವ ಜಾಗವನ್ನು ಖಾಲಿ ಬಿಡುತ್ತೇವೆ, ಪರೀಕ್ಷೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಇರುತ್ತಿತ್ತಲ್ಲ, ಹಾಗೆ. ಪೈಪ್‌ಲೈನ್ ಓಡುವಾಗ ವ್ಯಾಲ್ಯೂ ಬಂದು ಅಲ್ಲಿ ಕೂರುತ್ತದೆ. ಇದೇ ಡೈನಮಿಕ್ ಪಾತ್.

ತುಂಬುವ ರೀತಿ ಟೂಲಿನಿಂದ ಟೂಲಿಗೆ ಬೇರೆ. ಮೈಕ್ರೋಸಾಫ್ಟ್‌ನ ಅಜೂರ್ ಡೇಟಾ ಫ್ಯಾಕ್ಟರಿಯಲ್ಲಿ ಡೇಟಾಸೆಟ್‌ಗೆ (ಯಾವ ಡೇಟಾ, ಎಲ್ಲಿದೆ ಅಂತ ಹೇಳುವ ಭಾಗ) ಪ್ಯಾರಾಮೀಟರ್ (ಹೊರಗಿನಿಂದ ವ್ಯಾಲ್ಯೂ ತುಂಬುವ ಜಾಗ) ಇಟ್ಟು, ಪೈಪ್‌ಲೈನ್‌ನಿಂದ ಎಕ್ಸ್‌ಪ್ರೆಷನ್ (ವ್ಯಾಲ್ಯೂ ಕಟ್ಟಿಕೊಡುವ ಪುಟ್ಟ ಸೂತ್ರ) ಬರೆದು ತುಂಬುತ್ತೇವೆ. ಏರ್‌ಫ್ಲೋದಲ್ಲಿ ಎರಡೆರಡು ಕರ್ಲಿ ಬ್ರಾಕೆಟ್ ನಡುವೆ 'ಡಿಎಸ್' ಅಂತ ಬರೆದರೆ ಆ ರನ್‌ನ (ಪೈಪ್‌ಲೈನ್‌ನ ಒಂದು ಸಲದ ಓಟ) ತಾರೀಖು ಬರುತ್ತದೆ. ಮೈಕ್ರೋಸಾಫ್ಟ್‌ನದೇ ಇನ್ನೊಂದು ಟೂಲು ಎಸ್‌ಎಸ್‌ಐಎಸ್‌ನಲ್ಲಿ ಕನೆಕ್ಷನ್ ಸ್ಟ್ರಿಂಗ್‌ಗೆ (ಫೈಲಿನ ವಿಳಾಸ ಇರುವ ಜಾಗ) ಎಕ್ಸ್‌ಪ್ರೆಷನ್ ಕೊಡುತ್ತೇವೆ. ಅಲ್ಲಿ 'ಡಿಲೇ ವ್ಯಾಲಿಡೇಷನ್' ಟ್ರೂ ಮಾಡುವುದು ಮರೆತರೆ, ಇನ್ನೂ ಬಾರದ ಫೈಲನ್ನು ಶುರುವಿನಲ್ಲೇ ಹುಡುಕಿ ಪ್ಯಾಕೇಜ್ (ಅಲ್ಲಿ ಪೈಪ್‌ಲೈನ್‌ಗೆ ಇರುವ ಹೆಸರು) ಫೇಲ್ ಆಗಬಹುದು.

ಇಷ್ಟು ಕಲಿಯುವುದು ಸುಲಭ. ತುಂಬುವ ವ್ಯಾಲ್ಯೂ ಎಲ್ಲಿಂದ ಬರಬೇಕು ಅನ್ನುವುದೇ ನಿಜವಾದ ಪ್ರಶ್ನೆ. ನನಗೆ ಇದು ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. 5ನೇ ತಾರೀಖಿನ ರನ್ ಫೇಲ್ ಆಗಿತ್ತು. 8ಕ್ಕೆ ನೋಡಿ ಮತ್ತೆ ಓಡಿಸಿದೆ. ಹಸಿರು ಟಿಕ್ ಬಂತು, ನೆಮ್ಮದಿಯಾಯಿತು. ಆದರೆ ಪಾತ್ ಕಟ್ಟಿದ್ದು 'ಈಗಿನ ಸಮಯ' ಕೊಡುವ ಫಂಕ್ಷನ್‌ನಿಂದ. ಹಾಗಾಗಿ ಅದು 5ರ ಫೈಲನ್ನು ಮುಟ್ಟಲೇ ಇಲ್ಲ, 8ರ ಫೈಲನ್ನೇ ಎರಡನೇ ಸಲ ತಂದು ಸುರಿಯಿತು. 8ರ ಆರ್ಡರ್‌ಗಳೆಲ್ಲ ಡಬಲ್, 5ನೇ ತಾರೀಖು ಖಾಲಿ.

ಪಾತ್‌ಗೆ ಬೇಕಿರುವುದು ಗೋಡೆ ಗಡಿಯಾರದ ಸಮಯ ಅಲ್ಲ, ಆ ರನ್ ಯಾವ ದಿನಕ್ಕೆ ಸೇರಿದ್ದೋ ಆ ತಾರೀಖು. ಏರ್‌ಫ್ಲೋದ 'ಡಿಎಸ್' ಕೊಡುವುದು ಅದನ್ನೇ. ಅದೇ ರನ್ ಅನ್ನು ವಾರ ಬಿಟ್ಟು ಮತ್ತೆ ಓಡಿಸಿದರೂ ಬದಲಾಗುವುದಿಲ್ಲ. ಡೇಟಾ ಫ್ಯಾಕ್ಟರಿಯಲ್ಲಾದರೆ ಪೈಪ್‌ಲೈನನ್ನು ಹೊತ್ತಿಗೆ ಸರಿಯಾಗಿ ಶುರು ಮಾಡಿಸುವ ಟ್ರಿಗರ್‌ನ ನಿಗದಿತ ಸಮಯವನ್ನು ಪೈಪ್‌ಲೈನ್‌ಗೆ ಪ್ಯಾರಾಮೀಟರ್ ಆಗಿ ಕಳಿಸಿ. ಅಲ್ಲಿನ 'ಯುಟಿಸಿ ನೌ' ಫಂಕ್ಷನ್‌ಗೆ ಇನ್ನೊಂದು ತೊಂದರೆಯೂ ಇದೆ: ಹೆಸರೇ ಹೇಳುವಂತೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಿಮ್ಮ ಊರಿನದಲ್ಲ. ನಡುರಾತ್ರಿಯ ಆಸುಪಾಸಿನಲ್ಲಿ ನಿಮ್ಮ ತಾರೀಖೇ ಬೇರೆ, ಅದರ ತಾರೀಖೇ ಬೇರೆ ಆಗಬಹುದು.

ಫಾರ್ಮ್ಯಾಟ್ ಬರೆಯುವಾಗಲೂ ಕಣ್ಣು ಬಿಟ್ಟುಕೊಂಡಿರಬೇಕು. ಡೇಟಾ ಫ್ಯಾಕ್ಟರಿಯಲ್ಲಿ ದೊಡ್ಡಕ್ಷರದ 'ಎಂಎಂ' ತಿಂಗಳು, ಸಣ್ಣಕ್ಷರದ್ದು ನಿಮಿಷ. ತಪ್ಪಿದರೆ 9 ಗಂಟೆ 47 ನಿಮಿಷಕ್ಕೆ ಓಡಿದ ರನ್ '2024/47/05' ಅನ್ನುವ ವಿಳಾಸ ಕಟ್ಟುತ್ತದೆ. ಇಲ್ಲದ ಫೈಲನ್ನು ಓದಲು ಹೋದರೆ ಸಾಮಾನ್ಯವಾಗಿ ಎರರ್ ಬರುತ್ತದೆ, ಬಚಾವ್. ಬರೆಯುವ ಕಡೆ ಹಾಗಲ್ಲ. ಕ್ಲೌಡ್ ಸ್ಟೋರೇಜ್ ಸುಮ್ನೆ ಬರೆದುಕೊಂಡುಬಿಡುತ್ತದೆ. ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಎಸ್3ನಲ್ಲಂತೂ ಫೋಲ್ಡರ್ ಅನ್ನುವುದೇ ನಿಜವಾಗಿ ಇಲ್ಲ, ಇಡೀ ಪಾತ್ ಆ ಫೈಲಿನ ಉದ್ದನೆಯ ಹೆಸರು ಅಷ್ಟೇ. 47ನೇ ತಿಂಗಳು ಎಲ್ಲಿದೆ ಅಂತ ಅದು ಕೇಳುವುದಿಲ್ಲ. '3' ಮತ್ತು '03' ಕೂಡ ಅದಕ್ಕೆ ಎರಡು ಬೇರೆ ಜಾಗ. ಅದಕ್ಕೇ ಒಂದಂಕಿ ತಿಂಗಳಿಗೆ ಸೊನ್ನೆ ಸೇರಿಸುವುದನ್ನು ಮರೆಯಬೇಡಿ. ಸೊನ್ನೆ ಇಲ್ಲದಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ 10 ಬಂದು 3ಕ್ಕಿಂತ ಮೊದಲು ನಿಲ್ಲುತ್ತದೆ.

ಈಗ ನಾನು ಪ್ರತಿ ರನ್‌ನಲ್ಲೂ ತುಂಬಿ ಮುಗಿದ ಪೂರ್ತಿ ಪಾತ್ ಅನ್ನು ಲಾಗ್‌ಗೆ (ರನ್‌ನಲ್ಲಿ ಏನೇನಾಯಿತು ಅನ್ನುವ ದಾಖಲೆ) ಬರೆಸುತ್ತೇನೆ. ಹೊಸ ಪೈಪ್‌ಲೈನ್ ಲೈವ್‌ಗೆ ಬಿಡುವ ಮುಂಚೆ ಹಿಂದಿನ ವರ್ಷದ ಡಿಸೆಂಬರ್ 31ಕ್ಕೆ ಒಮ್ಮೆ, ಮಾರ್ಚ್ 5ಕ್ಕೆ ಒಮ್ಮೆ ಓಡಿಸಿ ಆ ಎರಡು ಸಾಲು ಓದುತ್ತೇನೆ. ಎರಡರಲ್ಲೂ ನಾನು ಕೊಟ್ಟ ತಾರೀಖೇ ಇರಬೇಕು. ಇವತ್ತಿನದು ಕಂಡರೆ ಲೈವ್‌ಗೆ ಬಿಡುವುದಿಲ್ಲ.