ಹಿರಿಯರ ಬಚ್ಚಲಿಗೆ ಟೇಪು ಹಿಡಿಯುವ ಮೊದಲು

"ಅಪ್ಪ-ಅಮ್ಮಂಗೆ ಅನುಕೂಲ ಆಗೋ ಹಂಗೆ ಕಟ್ಟಿಕೊಡಿ" ಎಂದು ದಾವಣಗೆರೆಯಲ್ಲಿ ಮನೆ ಕಟ್ಟಿಸುವವರು ಹೇಳಿದರೆ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಎರಡೇ: ಮುಂದೊಂದು ರ‍್ಯಾಂಪ್, ಒಳಗೊಂದು ಕಮೋಡ್. ಎರಡನ್ನೂ ಅಂದಾಜಿನಲ್ಲಿ ಹಾಕಿಸುತ್ತಾರೆ. ಆಮೇಲೆ ಹಿರಿಯರು ಬಳಸದೆ ಬಿಟ್ಟರೆ "ಅವರಿಗೆ ಹಳೇ ಅಭ್ಯಾಸ" ಎಂದು ದೂರುತ್ತಾರೆ. ಹೆಚ್ಚಿನ ಕಡೆ ತಪ್ಪಿರುವುದು ಅಳತೆ. ಸೈಟನ್ನು ಇಂಚಿಂಚು ಅಳೆದವರು ಅದರಲ್ಲಿ ಬಾಳುವವರ ಮೊಣಕಾಲನ್ನು ಅಳೆದಿರುವುದಿಲ್ಲ.

ರ‍್ಯಾಂಪಿನ ಲೆಕ್ಕ ಬೇಗ ಮುಗಿಸೋಣ. 2021ರಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿಯ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದಡಿ ಏರಲು ಕನಿಷ್ಠ 12 ಅಡಿ ಉದ್ದ. ನೆಲಮಟ್ಟದಿಂದ ಮನೆಯನ್ನು ಎತ್ತರಿಸಿದ ಒಂದೂವರೆ ಅಡಿ ಪ್ಲಿಂತ್‌ಗೆ 18 ಅಡಿ ಉದ್ದ ಬೇಕು. ಅದರ ಮೇಲೂ ಕೆಳಗೂ ಗಾಲಿಕುರ್ಚಿ ತಿರುಗಿಸಲು ಐದೈದು ಅಡಿ ಸಮತಟ್ಟು ಜಾಗ ಬೇರೆ. 30×40 ಸೈಟಿನಲ್ಲಿ ಗೇಟಿನಿಂದ ಬಾಗಿಲಿಗೆ ಅಷ್ಟು ಜಾಗ ಎಲ್ಲಿ ಬರಬೇಕು? ಕೊನೆಗೆ ಅಲ್ಲಿ ನಿಲ್ಲುವುದು ಸ್ಕೂಟರ್ ಹತ್ತಿಸುವ 1:4ರ ಇಳಿಜಾರು. ಅದರ ಮೇಲೆ ಗಾಲಿಕುರ್ಚಿ ಇಳಿಸುವುದು ಅಪಾಯ. ಮಂಡಿ ನೋವಿರುವವರಿಗೆ ಅಂಥ ಇಳಿಜಾರು ಇಳಿಯುವುದು ಮೆಟ್ಟಿಲಿಳಿಯುವುದಕ್ಕಿಂತ ಕಷ್ಟ.

ಗೋಡೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಪಕ್ಕದ ಸೆಟ್‌ಬ್ಯಾಕಿನ ಉದ್ದಕ್ಕೂ ರ‍್ಯಾಂಪ್ ಹಾಯಿಸಲು ಸಾಧ್ಯವಿದ್ದರೆ ಸರಿ. ಇಲ್ಲವಾದರೆ, ಹಿರಿಯರು ಇನ್ನೂ ನಡೆದಾಡುತ್ತಿದ್ದರೆ, ಆ ದುಡ್ಡನ್ನು ಮೆಟ್ಟಿಲಿಗೇ ಹಾಕಿ. ಎತ್ತರ 6 ಇಂಚು, ಅಗಲ 12 ಇಂಚು, ಎರಡೂ ಕಡೆ ಹಿಡಿಕಂಬಿ. ಎಲ್ಲಕ್ಕಿಂತ ಮುಖ್ಯ, ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಕಾಲು ಮೊದಲೆರಡು ಮೆಟ್ಟಿಲಲ್ಲೇ ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ನೋಡದೆ ಹೆಜ್ಜೆ ಇಡುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ಕೆಳಗಿನ ಮೆಟ್ಟಿಲು ನಾಲ್ಕಿಂಚಿಗೆ ಇಳಿದಿದ್ದರೆ ಇಳಿಯುವವರು ಮುಗ್ಗರಿಸುವುದು ಅಲ್ಲೇ. ಪಾಲಿಶ್ ಗ್ರಾನೈಟ್ ಹಾಕಿಸಿಯಾಗಿದ್ದರೆ ಅಂಚಿನಿಂದ ಒಂದಿಂಚು ಬಿಟ್ಟು ಕಟ್ಟರ್‌ನಲ್ಲಿ ಮೂರು ಗೀರು ಹೊಡೆಸಿ. ಹೊಸದಾಗಿ ಹಾಕಿಸುವುದಾದರೆ ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ ಫಿನಿಶ್ ಕೇಳಿ.

ಈಗ ಬಚ್ಚಲಿಗೆ ಬರೋಣ. ಕೆಲಸ ಶುರುವಾಗುವ ಮೊದಲು ಹಿರಿಯರನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಎರಡು ಅಳತೆ ತೆಗೆಯಿರಿ: ನೆಲದಿಂದ ಮೊಣಕಾಲಿನ ಹಿಂಬದಿಯವರೆಗೆ, ಕೂರುವ ಮಟ್ಟದಿಂದ ಮೊಣಕೈವರೆಗೆ. ನಿಲ್ಲಿಸಿ ಒಂದು: ನೆಲದಿಂದ ಮಣಿಕಟ್ಟಿನ ಗೆರೆಯವರೆಗೆ. ಯಾವ ಕೈಯಲ್ಲಿ ಬಲ ಹೆಚ್ಚು, ಯಾವ ಕಾಲು ನೋಯುತ್ತದೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ.

ಕಮೋಡಿನ ಸೀಟು 450ರಿಂದ 480 ಮಿ.ಮೀ. ಎತ್ತರದಲ್ಲಿರಲಿ ಎನ್ನುತ್ತವೆ ಮಾನದಂಡಗಳು. ಗಾಲಿಕುರ್ಚಿಯಿಂದ ಪಕ್ಕಕ್ಕೆ ಸರಿದು ಕೂರುವವರಿಗೆ ಅದು ಸರಿ. ಐದಡಿಯೂ ಇಲ್ಲದ ಅಜ್ಜಿಗೆ ಮೊಣಕಾಲ ಹಿಂಬದಿ 380 ಮಿ.ಮೀ. ಆಸುಪಾಸು ಬರುತ್ತದೆ. ಅವರನ್ನು 480ರ ಮೇಲೆ ಕೂರಿಸಿದರೆ ಪಾದ ನೆಲಕ್ಕೆ ಸಿಗುವುದಿಲ್ಲ, ತಿಣುಕಲು ಬಲ ಬರುವುದಿಲ್ಲ, ಏಳುವಾಗ ಅಂಚಿನಿಂದ ಜಾರುತ್ತಾರೆ. ಮೊಣಕಾಲಿನ ಅಳತೆಗೆ ಒಂದರಿಂದ ಎರಡು ಇಂಚು ಸೇರಿಸಿ, ಪಾದ ಪೂರ್ತಿ ಊರುತ್ತದೆಯೇ ನೋಡಿ, ಅಲ್ಲಿಗೆ ನಿಲ್ಲಿಸಿ. ಗೋಡೆಗೆ ತೂಗುವ ಕಮೋಡಾದರೆ ಈ ಎತ್ತರ ನಿಮ್ಮ ಕೈಯಲ್ಲಿದೆ. ಪ್ಲಂಬರ್ ಬೋಲ್ಟ್ ಕೂರಿಸುವ ದಿನವೇ ಹೇಳಬೇಕು, ಟೈಲ್ಸ್ ಬಿದ್ದ ಮೇಲೆ ಹೇಳಿ ಪ್ರಯೋಜನವಿಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಜಗಳೂರು ಸೀಮೆ, ಚಿತ್ರದುರ್ಗ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೂಳೆಗೇ ಪೆಟ್ಟು ಬೀಳಬಹುದು. ತೀವ್ರವಾದಾಗ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ಕುಕ್ಕರಗಾಲಲ್ಲಿ ಕೂರಲಾಗದ್ದು ಎಲ್ಲರಿಗೂ ಕಾಣುತ್ತದೆ. ಕತ್ತು ತಿರುಗದ್ದು ಕಾಣುವುದಿಲ್ಲ. ಇಂಥವರು ಹಿಂದಕ್ಕೆ ನೋಡಿ ಕೂರಲಾರರು, ಬೆನ್ನ ಹಿಂದಿನ ಹಿಡಿಕೆ ಅವರಿಗೆ ಇದ್ದೂ ಇಲ್ಲದಂತೆ. ಹಿಡಿಕೆ ಪಕ್ಕದ ಗೋಡೆಯಲ್ಲಿ, ಕಣ್ಣಿಗೆ ಬೀಳುವಷ್ಟು ಮುಂದೆ ಇರಬೇಕು.

ಎಲ್ ಆಕಾರದ ಹಿಡಿಕೆ ಒಳ್ಳೆಯದು. ಅಡ್ಡ ಭಾಗ ಸೀಟಿನಿಂದ ಸುಮಾರು 200 ಮಿ.ಮೀ. ಮೇಲೆ, ಅಂದರೆ ಹೆಚ್ಚು ಕಡಿಮೆ ಮೊಣಕೈ ಮಟ್ಟಕ್ಕೆ ಬರಲಿ. ನೆಟ್ಟಗಿನ ಭಾಗ ಸೀಟಿನ ಮುಂದಿನ ಅಂಚಿನಿಂದ ಒಂದಡಿಯೊಳಗೆ ಮುಂದಿರಲಿ. ಕೂರುವಾಗ ಅಡ್ಡದ್ದನ್ನು ಒತ್ತುತ್ತಾರೆ, ಏಳುವಾಗ ನೆಟ್ಟಗಿನದನ್ನು ಎಳೆಯುತ್ತಾರೆ. ಪೈಪು 38 ಮಿ.ಮೀ., ಅಂದರೆ ನಮ್ಮ ಸ್ಟೀಲ್ ಅಂಗಡಿಗಳ ಒಂದೂವರೆ ಇಂಚಿನದು. ಸ್ಟೇನ್ಲೆಸ್ ಸ್ಟೀಲಿನಲ್ಲಿ 304 ಗ್ರೇಡನ್ನೇ ಕೇಳಿ ತನ್ನಿ. ಬಚ್ಚಲಿನ ತೇವದಲ್ಲಿ 202 ಗ್ರೇಡಿನ ಬೆಸುಗೆ ಬೇಗ ತುಕ್ಕು ಹಿಡಿಯುತ್ತದೆ. ಪೈಪಿಗೂ ಗೋಡೆಗೂ ನಡುವೆ 40ರಿಂದ 50 ಮಿ.ಮೀ. ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಜಾರಿದಾಗ ಮುಂಗೈ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಸೋಲುವುದು ಪೈಪಲ್ಲ, ಅದನ್ನು ಗೋಡೆಗೆ ಕೂರಿಸಿದ ರೀತಿ. ಬೀಳುವ ಮನುಷ್ಯ ಹಿಡಿದಾಗ ಅದರ ಮೇಲೆ ಮೈತೂಕವಷ್ಟೇ ಬೀಳುವುದಿಲ್ಲ, ಬಿದ್ದ ವೇಗದ ಜಗ್ಗೂ ಸೇರುತ್ತದೆ. ಕನಿಷ್ಠ 115 ಕೆ.ಜಿ. ಜಗ್ಗನ್ನು ತಡೆಯಬೇಕು. ಟವೆಲ್ ರಾಡಿಗೆ ಚಿಕ್ಕ ಸ್ಕ್ರೂ, ಪ್ಲಾಸ್ಟಿಕ್ ಪ್ಲಗ್ ಹಾಕುತ್ತಾರಲ್ಲ, ಅದು ನಿಲ್ಲುವುದು ಬರೀ ಗಿಲಾವಿನಲ್ಲಿ. ಗಿಲಾವಿನ ದಪ್ಪವೇ 12ರಿಂದ 20 ಮಿ.ಮೀ., ಟೈಲ್ಸ್ ಮತ್ತು ಅದರ ಗಾರೆ ಬೇರೆ. ಬೋಲ್ಟ್ ಇವೆಲ್ಲ ದಾಟಿ ಇಟ್ಟಿಗೆಯೊಳಗೆ 80 ಮಿ.ಮೀ. ಹೋಗಬೇಕು.

ಟೈಲ್ಸನ್ನು ಮೊದಲು ಬೆರಳ ಗಿಣ್ಣಿನಲ್ಲಿ ತಟ್ಟಿ ನೋಡಿ. ನಾಲ್ಕು ಮೂಲೆಗೆ, ನಡುವೆ ಉಂಡೆ ಗಾರೆ ಇಟ್ಟು ಒತ್ತಿದ ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆ. ಅಲ್ಲಿ ನಟ್ಟು ಬಿಗಿದರೆ ಟೈಲ್ಸ್ ಒಡೆಯುತ್ತದೆ. ಟೈಲ್ಸ್ ದಾಟುವವರೆಗೂ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ. ಇಟ್ಟಿಗೆ ಸಿಕ್ಕ ಮೇಲೆ ಆನ್ ಮಾಡಿ. ತೂತು ಇಟ್ಟಿಗೆಯ ನಡುವೆ ಬೀಳಬೇಕು, ಸಂದಿನ ಗಾರೆಯಲ್ಲಲ್ಲ. ಗಟ್ಟಿ ಕಾಂಕ್ರೀಟಿಗೆ ಹಿಗ್ಗುವ ಆಂಕರ್ ಬೋಲ್ಟ್ ಸರಿ. ಇಟ್ಟಿಗೆಯನ್ನು ಅದೇ ಬೋಲ್ಟ್ ಸೀಳುತ್ತದೆ, ಅಲ್ಲಿಗೆ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್ ಹಾಕಿ. ಹಾಲೋ ಬ್ಲಾಕಾದರೆ ಜೊತೆಗೆ ಜಾಲರಿ ತೋಳು ಬೇಕು, ಇಲ್ಲದಿದ್ದರೆ ಅಂಟೆಲ್ಲ ಟೊಳ್ಳಿನೊಳಗೆ ಸುರಿದು ಹೋಗುತ್ತದೆ. ಅಂಟು ತುಂಬುವ ಮೊದಲು ತೂತಿನ ಪುಡಿಯನ್ನು ಬ್ರಷ್ ಹಾಕಿ, ಊದಿ, ಮತ್ತೆ ಬ್ರಷ್ ಹಾಕಿ ತೆಗೆಯಬೇಕು. ಕೆಲಸಗಾರರು ಹಾರಿಸುವ ಹಂತ ಇದೇ. ಪುಡಿ ಉಳಿದರೆ ಅಂಟು ಹಿಡಿಯುವುದು ಪುಡಿಯನ್ನು, ಗೋಡೆಯನ್ನಲ್ಲ.

ಹಳೇ ದಾವಣಗೆರೆಯ ಓಣಿಗಳಲ್ಲಿ, ಚಿತ್ರದುರ್ಗದ ಹಳೇ ಮಾಳಿಗೆ ಮನೆಗಳಲ್ಲಿ ಮಣ್ಣಿನ ಗೋಡೆ ಇದ್ದರೆ ಈ ಯಾವ ಬೋಲ್ಟೂ ಬೇಡ. ನೆಲಕ್ಕೆ ಕಾಂಕ್ರೀಟ್ ಹಾಕಿ ಅದರಲ್ಲಿ ಯು ಆಕಾರದ ಪೈಪನ್ನು ಹುಗಿಸಿ ನಿಲ್ಲಿಸಿ. ಗೋಡೆಗೆ ಒಂದು ಗೀರೂ ಬೀಳುವುದಿಲ್ಲ. ರಬ್ಬರ್ ಬಟ್ಟಲು ಒತ್ತಿ ಅಂಟಿಸುವ ಆನ್‌ಲೈನ್ ಹಿಡಿಕೆಗಳನ್ನಂತೂ ಯಾವ ಗೋಡೆಗೂ ನೆಚ್ಚಬೇಡಿ. ಬೋರ್‌ವೆಲ್ ನೀರಿನ ಉಪ್ಪು ಟೈಲ್ಸ್ ಮೇಲೆ ಕಟ್ಟಿದಂತೆ ಅವು ಹಿಡಿತ ಬಿಡುತ್ತವೆ, ಬಿಟ್ಟಿದ್ದು ಗೊತ್ತಾಗುವುದು ಹಿಡಿದಾಗಲೇ.

ಬಚ್ಚಲ ಬಾಗಿಲಲ್ಲಿ ನೀರು ತಡೆಯಲು ಕಟ್ಟುವ ಎರಡು-ಮೂರು ಇಂಚಿನ ಕಟ್ಟೆ ಎಡವುವುದಕ್ಕೇ ಮಾಡಿದಂತಿರುತ್ತದೆ. ಅದನ್ನು ಒಡೆದು, ಬಾಗಿಲಿನ ಅಡ್ಡಕ್ಕೆ ಜಾಲರಿ ಮುಚ್ಚಿದ ಉದ್ದ ಮೋರಿ ಕೊಟ್ಟು, ನೆಲಕ್ಕೆ 1:60 ಇಳುಕಲು ಇಟ್ಟರೆ ನೀರು ಹೊರಗೆ ಬರುವುದಿಲ್ಲ. ಮಟ್ಟದ ವ್ಯತ್ಯಾಸ 12 ಮಿ.ಮೀ. ಮೀರದಿರಲಿ, ಅಂಚು ಓರೆಯಾಗಿರಲಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈ ಅಡ್ಡ ಬಂದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗದು. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಲಾಕ್ ಹಾಕಿಸಿ.

ಮಣೆ ಮೇಲೆ ಕೂತು ಮೀಯುವವರಿಗೆ ಏಳುವುದೇ ದೊಡ್ಡ ಕೆಲಸ. ಅಗಲ ರಬ್ಬರ್ ಪಾದದ ಸ್ನಾನದ ಸ್ಟೂಲ್ ಕೊಡಿ. ಬಿಳಿ ಪ್ಲಾಸ್ಟಿಕ್ ಕುರ್ಚಿ ಬೇಡ, ಅದರ ಕಾಲು ಒದ್ದೆ ಟೈಲ್ಸಿನ ಮೇಲೆ ಅಗಲವಾಗುತ್ತ ಹೋಗುತ್ತದೆ. ಬಕೆಟನ್ನೂ ಒಂದು ಪೀಠದ ಮೇಲಿಡಿ, ಚೊಂಬಿಗಾಗಿ ಬಗ್ಗುವುದು ತಪ್ಪುತ್ತದೆ.

ಇನ್ನು ಉಪಕರಣಗಳು. ನಮ್ಮ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸ್ಮಾರ್ಟ್ ಊರುಗೋಲು ಅಚ್ಚುಮೆಚ್ಚಿನ ಪ್ರಾಜೆಕ್ಟ್. ಅದರಲ್ಲಿರುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ 40 ಕಿಲೋಹರ್ಟ್ಸ್ ಸದ್ದು ಕಳಿಸಿ, ಮರಳಿದ ಪ್ರತಿಧ್ವನಿಯಿಂದ ದೂರ ಅಳೆಯುತ್ತದೆ. ಎದುರಿನ ಗೋಡೆ ಅದಕ್ಕೆ ಚೆನ್ನಾಗಿ ಸಿಗುತ್ತದೆ. ಓರೆ ಮೇಲ್ಮೈಯಿಂದ ಸದ್ದು ಬೇರೆ ಕಡೆ ಚಿಮ್ಮುತ್ತದೆ, ಮುಂದಿನ ಮೋರಿ ಗುಂಡಿ ಸಿಗುವುದೇ ಇಲ್ಲ. ಹಿರಿಯರು ಬೀಳುವುದು ಗೋಡೆಗೆ ಹಾಯ್ದಲ್ಲ, ಕೋಲಿನ ತುದಿ ಜಾರಿ. ಆ ತುದಿಯ ರಬ್ಬರ್ ಬುಶ್ ದುಬಾರಿಯಲ್ಲ. ಗೀರು ಸವೆದು ನುಣುಪಾದ ದಿನವೇ ಅದನ್ನು ಬದಲಿಸಬೇಕು. ಪ್ರಾಜೆಕ್ಟ್ ಮಾಡುವವರು ಬುಶ್ ಸವೆದದ್ದನ್ನು ತಿಳಿಸುವ ಒಂದು ಬಣ್ಣದ ಪದರ ಯೋಚಿಸಿದರೆ ಹೆಚ್ಚು ಉಪಯೋಗ.

2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಿಪಿಎಲ್ ಹಿರಿಯರಿಗೆ ಕೋಲು, ವಾಕರ್, ಗಾಲಿಕುರ್ಚಿ ಉಚಿತವಾಗಿ ಸಿಗುತ್ತವೆ. ಎತ್ತರ ಹೊಂದಿಸುವ ಗುಂಡಿ ಇರುವ ಕೋಲು ಬಂದರೆ ಮನೆಯಲ್ಲಿ ಯಾರಾದರೂ ಆ ಗುಂಡಿ ಒತ್ತಿ ಸರಿಮಾಡಿ. ಚಪ್ಪಲಿ ಮೆಟ್ಟಿ ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲು ಹಿಡಿಯಬೇಕಾದ್ದು ನೋವಿರುವ ಕಾಲಿನ ಎದುರು ಕೈಯಲ್ಲಿ.

ರಾತ್ರಿ ದಾರಿಯ ಬೆಳಕು ಅಲಂಕಾರಕ್ಕಲ್ಲ. 60 ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರದರ ಸುಮಾರು ಮೂರನೇ ಒಂದು ಪಾಲು. ಮಂಚದಿಂದ ಬಚ್ಚಲಿನವರೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ಬ್ಯಾಟರಿ ಇರುವ ಸೆನ್ಸರ್ ದೀಪ ಹಾಕಿ. ಇವು ಮೈಶಾಖಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು ಹಿಡಿಯುತ್ತವೆ. ಏಪ್ರಿಲ್-ಮೇನಲ್ಲಿ ತಾರಸಿ ರಾತ್ರಿಯಾದರೂ ಕಾವು ಬಿಡುತ್ತಿರುವಾಗ ಗೋಡೆಯೂ ಮೈಯೂ ಸರಿಸುಮಾರು ಒಂದೇ ಶಾಖಕ್ಕೆ ಬಂದು ದೀಪ ತಡವಾಗಿ ಹತ್ತುತ್ತದೆ. ದಾರಿಗೆ ಅಡ್ಡಲಾಗಿ ನೋಡುವಂತೆ ಇಟ್ಟರೆ ಎದುರಿಗೆ ಇಟ್ಟಿದ್ದಕ್ಕಿಂತ ಬೇಗ ಹಿಡಿಯುತ್ತದೆ.

ಬಿದ್ದದ್ದನ್ನು ಪತ್ತೆ ಹಚ್ಚುವ ವಾಚುಗಳು ನೋಡುವುದು ಥಟ್ಟನೆ ಬಿದ್ದ ವೇಗ, ಬಡಿತ, ಆಮೇಲಿನ ನಿಶ್ಚಲತೆ. ಮಂಚದಿಂದ ಮೆಲ್ಲಗೆ ಜಾರಿ ಕೂತವರು ಅದಕ್ಕೆ ತಪ್ಪಿಹೋಗಬಹುದು. ಮೇಲಾಗಿ ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿಡುವುದು ನಮ್ಮ ರೂಢಿ. ಬಚ್ಚಲಿಗೆ ಕರೆಗಂಟೆಯೇ ವಾಸಿ. ಅದರ ಗುಂಡಿಯನ್ನು ಸ್ವಿಚ್ ಬೋರ್ಡ್ ಎತ್ತರಕ್ಕೆ ಹಾಕುವುದು ರೂಢಿಯ ತಪ್ಪು. ಬಿದ್ದವರ ಕೈ ಅಲ್ಲಿಗೆ ಎಟಕುವುದಿಲ್ಲ. ಒಂದು ದಾರ ಕಟ್ಟಿ ನೆಲದಿಂದ ನಾಲ್ಕಿಂಚಿನವರೆಗೆ ಇಳಿಬಿಡಿ, ಅಥವಾ ತೇವ ತಡೆಯುವ ವೈರ್‌ಲೆಸ್ ಗುಂಡಿಯನ್ನು ಒಂದಡಿ ಎತ್ತರಕ್ಕೆ ಅಂಟಿಸಿ. ಹಾಕಿದ ದಿನ ಮನೆಯವರೊಬ್ಬರು ಬಚ್ಚಲ ನೆಲದ ಮೇಲೆ ಮಲಗಿ ಕೈ ಚಾಚಿ ಒತ್ತಿ ನೋಡಲಿ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿರುವಾಗ ಗಂಟೆ ಕೇಳುತ್ತದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಿ.